‘ಜೆನಿತ್’ ಎಂಬ ಮಾತಿನ ಪೂರ್ವೋತ್ತರ

ನಮ್ಮ ದೇಶದ ಚರಿತ್ರೆಯನ್ನು ಇಂಗ್ಲಿಷ್ ಪುಸ್ತಕಗಳಲ್ಲಿ ಓದಿದವರಿಗೆ ಒಂದು ಬಗೆಯ ವಾಕ್ಯವು ಮತ್ತೆ ಮತ್ತೆ ಎದುರಾಗಿರಬೇಕು. ಕೃಷ್ಣದೇವರಾಯನ ಆಳಿಕೆಯಲ್ಲಿ, ಎಂದರೆ ೧೫೦೯ರಿಂದ ೧೫೨೯ರ ವರೆಗಿನ ಕಾಲದಲ್ಲಿ, ವಿಜಯನಗರವು ತನ್ನ ‘ಜೆನಿತ್’ನಲ್ಲಿತ್ತು ಎಂಬುದೇ ಆ ವಾಕ್ಯ. ಗಾಯಕನ ಕೀರ್ತಿಗೂ ವರ್ತಕನ ಐಶ್ವರ್ಯಕ್ಕೂ ಮಂತ್ರಿಯ ಅಧಿಕಾರಕ್ಕೂ ಇದೇ ಮಾತು ಸಲ್ಲುತ್ತದೆ. ಇದರ ಅರ್ಥವೇನೆಂದು ಕೇಳಿದರೆ ಪರಾಕಾಷ್ಠೆ, ಉಚ್ಛ್ರಾಯ, ಶಿಖರ, ತುತ್ತತುದಿ ಎಂದು ನಾಲ್ಕಾರು ಪರ್ಯಾಯಪದಗಳನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಈ ಮಾತಿನ ಜನ್ಮವೃತ್ತಾಂತವನ್ನು ಹುಡುಕುತ್ತ ಹೋದರೆ ಒಂದು ವಿಚಿತ್ರ ಸಂಗತಿಯು ತಿಳಿದುಬರುತ್ತದೆ. ಇದು ಮೊದಲಿಗೆ ಏಳಿಗೆಯ ಮಾತೇ ಅಲ್ಲ. ನೆಲದ ಮೇಲೆ ನಿಂತಿರುವ ಮನುಷ್ಯನ ನೆತ್ತಿಗೆ ಸಂಬಂಧಪಟ್ಟ ಮಾತು. ಅದೂ ಒಬ್ಬ ಲಿಪಿಕಾರನ ಕಣ್ತಪ್ಪಿನಿಂದ ರೂಪಗೆಟ್ಟು ಬಂದದ್ದು.

ಅರಬ್ಬೀ ಭಾಷೆಯ ಜ್ಯೋತಿಶ್ಶಾಸ್ತ್ರಜ್ಞರು, ನಿಂತವನ ತಲೆಯ ನೇರಕ್ಕೆ ಆಕಾಶದಲ್ಲಿರುವ ಬಿಂದುವನ್ನು ‘ಸಮ್ತ್ ಅರ್-ರಾಸ್’ ಎಂದು ಕರೆಯುತ್ತಿದ್ದರು. ‘ಸಮ್ತ್’ ಎಂದರೆ ದಾರಿ, ದಿಕ್ಕು. ‘ರಾಸ್’ ಎಂದರೆ ತಲೆ. ಒಟ್ಟಿನಲ್ಲಿ ‘ತಲೆಯ ಮೇಲಣ ದಾರಿ’ ಎಂದರ್ಥ. ಈ ಎರಡನೆಯ ಪದವು ನಮಗೆ ಅಪರಿಚಿತವೆಂದು ವಾಚಕರು ಭಾವಿಸಬಾರದು. ದನಗಳ ಜಾತ್ರೆಯಲ್ಲಿ ‘ಈ ವರ್ಷ ಇಷ್ಟು ರಾಸುಗಳು ಬಂದಿವೆ’ ಎಂದು ನಮ್ಮ ರೈತರು ಎಣಿಸುವ ‘ರಾಸು’, ಪಾರಸಿ ಹಿಂದೂಸ್ತಾನಿಗಳ ಮೂಲಕ ಬಂದ ಇದೇ ಅರಬ್ಬೀ ಪದವೆಂದು ತಿಳಿದವರು ಹೇಳುತ್ತಾರೆ. ತಲೆಯ ಲೆಕ್ಕದಲ್ಲಿ ದನಗಳನ್ನು ಎಣಿಸುವ ವಾಡಿಕೆಯಿಂದ ತಲೆಯೇ ದನವಾಯಿತು. ಯೂರೋಪಿನವರು ಆ ಪದಪುಂಜದ ಬಾಲವನ್ನು ಕತ್ತರಿಸಿ ‘ಸಮ್ತ್’ ಎಂಬುದನ್ನು ಮಾತ್ರ ಇಟ್ಟುಕೊಂಡರು. ಅವರು ಬಿಸುಟ ಬಾಲವು ನಮ್ಮ ಕೊಟ್ಟಿಗೆಯಲ್ಲಿ ಕ್ಷೇಮವಾಗಿದೆ.

ಹನ್ನೆರಡನೆಯ ಶತಮಾನದಲ್ಲಿ ಸ್ಪೇನ್ ದೇಶದ ಟೊಲೆಡೊ ಮುಂತಾದ ಪಟ್ಟಣಗಳಲ್ಲಿ ವಿದ್ವಾಂಸರು ಅರಬ್ಬೀ ಶಾಸ್ತ್ರಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ತಿರುಗಿಸುವ ಕೆಲಸದಲ್ಲಿ ತೊಡಗಿದ್ದರು. ಟಾಲೆಮಿಯ ಮಹಾಗ್ರಂಥವು ಕೂಡ ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಲ್ಯಾಟಿನಿಗೆ ಹೀಗೆಯೇ ಹಾದುಬಂದಿತು. ಅಂಥ ಗ್ರಂಥಗಳಲ್ಲಿ ‘ಸಮ್ತ್’ ಎಂಬುದನ್ನು ಲ್ಯಾಟಿನ್ ಲಿಪಿಯಲ್ಲಿ ‘ಸೆಮ್ತ್’ ಎಂಬಂತೆ ಬರೆದಿರಬೇಕು. ಆ ಕಾಲದ ಬರವಣಿಗೆಯಲ್ಲಿ ‘ಮ’ಕಾರವೆಂದರೆ ಪಕ್ಕಪಕ್ಕದಲ್ಲಿ ನಿಲ್ಲಿಸಿದ ಮೂರು ಗೀಟುಗಳು. ‘ನ’ಕಾರಕ್ಕೆ ಎರಡು ಗೀಟು, ‘ಇ’ಕಾರಕ್ಕೆ ಒಂದು ಗೀಟು. ಇಕಾರದ ಮೇಲೆ ಚುಕ್ಕೆಯನ್ನಿಡುವ ಪದ್ಧತಿಯು ಇನ್ನೂ ನೆಲೆಗೊಂಡಿರಲಿಲ್ಲ. ಆದುದರಿಂದ ಮೂರು ಗೀಟುಗಳನ್ನು ಕಂಡ ಲಿಪಿಕಾರನು ‘ಮ’ ಎನ್ನುವ ಬದಲು ‘ನಿ’ ಎಂದು ಓದಿ ‘ಸೆನಿತ್’ ಎಂದು ಬರೆದನೆಂಬುದು ಹೆಚ್ಚಿನ ನಿಘಂಟುಕಾರರು ಒಪ್ಪುವ ವಿವರಣೆ. ಓಲೆಗರಿಯ ಪ್ರತಿಗಳನ್ನು ಓದಿದ ನಮ್ಮವರಿಗೆ ಇದು ಆಶ್ಚರ್ಯವೆನಿಸದು. ಪಕಾರ, ವಕಾರ, ಮಕಾರಗಳು ಒಂದಕ್ಕೊಂದು ವೇಷ ಹಾಕಿಕೊಂಡು ಬಂದು ನಮ್ಮ ಪಂಡಿತರನ್ನು ಎಷ್ಟೋ ಬಾರಿ ಕಾಡಿವೆ.

ಇದೇ ಮನೆತನದ ಇನ್ನೆರಡು ಪದಗಳು ಇಂಗ್ಲಿಷಿನಲ್ಲಿವೆ. ದಿಗಂಶವನ್ನು ಹೇಳುವ ‘ಅಜಿಮತ್’ ಎಂಬುದು ‘ಸಮ್ತ್’ ಪದದ ಬಹುವಚನ. ಏಳಿಗೆಗೆ ಎದುರಾದ ಪಾತಾಳಸ್ಥಿತಿಯನ್ನು ಹೇಳುವ ‘ನೇಡಿರ್’ ಎಂಬುದು ‘ನಜೀರ್’ ಎಂಬ ಅರಬ್ಬೀ ಪದ. ‘ಸಮ್ತ್’ಗೆ ಎದುರಾಗಿರುವುದು, ಎಂದರೆ ನಮ್ಮ ಕಾಲಿನ ಕೆಳಗೆ ಭೂಮಿಯನ್ನು ತೂರಿ ಆಚೆಗೆ ಹೋದರೆ ಸಿಕ್ಕುವ ಬಿಂದು. ಕಣ್ಣಿನ ನೋಟಕ್ಕೆ ನಾವು ಹೇಳುವ ‘ನಜರು’, ನ್ಯಾಯಾಲಯದ ‘ನಾಜರು’ ಇವು ಕೂಡ ಅದೇ ಧಾತುವಿನಿಂದ ಹುಟ್ಟಿದವು.

ಇಂಗ್ಲಿಷಿನಲ್ಲಿ ಈ ಮಾತನ್ನು ಮೊದಮೊದಲು ಬಳಸಿದವರಲ್ಲಿ ಕವಿ ಚಾಸರನೂ ಒಬ್ಬನು. ‘ಕ್ಯಾಂಟರ್ಬರಿ ಕಥೆಗಳು’ ಎಂಬ ಕಾವ್ಯದಿಂದ ಪ್ರಸಿದ್ಧನಾದ ಇವನು ೧೩೯೧ರ ಸುಮಾರಿಗೆ ‘ಆಸ್ಟ್ರೋಲೇಬ್’ ಎಂಬ ಯಂತ್ರವನ್ನು ಕುರಿತು ಒಂದು ಗದ್ಯಗ್ರಂಥವನ್ನು ಬರೆದನು. ಗ್ರಹನಕ್ಷತ್ರಗಳ ಔನ್ನತ್ಯವನ್ನು ಅಳೆದು ಹೊತ್ತನ್ನೂ ದಿಕ್ಕನ್ನೂ ತಿಳಿಯುವ ಹಿತ್ತಾಳೆಯ ತಟ್ಟೆಯಂಥ ಯಂತ್ರವದು. ಗ್ರಂಥವು ಯಾವ ಪ್ರಭುವಿಗೂ ಅರ್ಪಿತವಾದುದಲ್ಲ. ಹತ್ತು ವರ್ಷದ ಮಗ ಲೂಯಿಸನಿಗೆ ಹೇಳಿಕೊಟ್ಟ ಪಾಠ. ಹುಡುಗನಿಗೆ ಲೆಕ್ಕದಲ್ಲಿಯೂ ಅಳತೆಯಲ್ಲಿಯೂ ಆಸಕ್ತಿ ಹುಟ್ಟಿದ್ದನ್ನು ಕಂಡು ತಂದೆಯು ಯಂತ್ರವನ್ನು ಕೊಟ್ಟು, ಅದರ ಬಳಕೆಯನ್ನು ಸುಲಭವಾದ ಇಂಗ್ಲಿಷಿನಲ್ಲಿ ವಿವರಿಸಲು ಕುಳಿತನು. ಮಗುವಿಗೆ ಲ್ಯಾಟಿನ್ ಇನ್ನೂ ಚೆನ್ನಾಗಿ ಬರುತ್ತಿರಲಿಲ್ಲ. ಗ್ರೀಕರು ಈ ವಿದ್ಯೆಯನ್ನು ಗ್ರೀಕಿನಲ್ಲಿ ಕಲಿತರು, ಅರಬರು ಅರಬ್ಬಿಯಲ್ಲಿ, ಯಹೂದ್ಯರು ಹೀಬ್ರೂವಿನಲ್ಲಿ ಕಲಿತರು. ನಿನಗೆ ಇಂಗ್ಲಿಷಿನಲ್ಲಿ ಅಷ್ಟೇ ಚೆನ್ನಾಗಿ ಸಿಕ್ಕಿದರೆ ಸಾಕು ಎಂಬ ಅಭಿಪ್ರಾಯವನ್ನು ಅವನು ಪೀಠಿಕೆಯಲ್ಲಿ ಹೇಳಿದ್ದಾನೆ. ಆ ಕಾಲದಲ್ಲಿ ಇಂಗ್ಲಿಷ್ ಎಂಬುದು ಶಾಸ್ತ್ರವಿಷಯಕ್ಕೆ ಒದಗದ ಮನೆಮಾತೆಂದೇ ವಿದ್ವಾಂಸರ ಎಣಿಕೆ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯಲಾದೀತೇ ಎಂದು ಕೇಳುವವರು ಈ ಪೀಠಿಕೆಯನ್ನೊಮ್ಮೆ ಓದಿ ನೋಡಬೇಕು. ಐದು ಭಾಗಗಳೆಂದು ಹೊರಟ ಗ್ರಂಥದಲ್ಲಿ ಮೊದಲಿನ ಎರಡು ಭಾಗಗಳಷ್ಟೇ ನಮಗೆ ದೊರೆತಿರುವ ಗಟ್ಟಿಯಾದ ಭಾಗ. ಅದರಲ್ಲಿ ಚಾಸರನು ಈ ಪದವನ್ನು ತಲೆಯ ಮೇಲಿನ ಬಿಂದುವಿಗೂ ಹೇಳುತ್ತಾನೆ, ಸೂರ್ಯನು ಹುಟ್ಟುವ ದಿಗಂತದ ಎಡೆಗೂ ಹೇಳುತ್ತಾನೆ. ಮೂಲದಲ್ಲಿ ‘ದಾರಿ, ದಿಕ್ಕು’ ಎಂಬ ಅರ್ಥವಿದ್ದುದರಿಂದ ಎರಡೂ ಸಲ್ಲುತ್ತಿದ್ದವು. ‘ಮೇಲೆ’ ಎಂಬ ಭಾವವು ಅದಕ್ಕೆ ಇನ್ನೂ ಪೂರ್ತಿ ಅಂಟಿಕೊಂಡಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನೊಂದು ವಿನೋದವುಂಟು. ಲೂಯಿಸನ ಯಂತ್ರವು ಆಕ್ಸ್‌ಫರ್ಡ್ ಪಟ್ಟಣದ ಅಕ್ಷಾಂಶಕ್ಕೆ ಹೊಂದಿಸಿದುದಾಗಿತ್ತು. ಆ ಊರು ವಿಷುವದ್ರೇಖೆಯಿಂದ ಉತ್ತರಕ್ಕೆ ೫೧ ಮುಕ್ಕಾಲು ಅಂಶದಷ್ಟು ದೂರದಲ್ಲಿದೆ. ಅಲ್ಲಿ ವರ್ಷದಲ್ಲೆಲ್ಲ ದೀರ್ಘವಾದ ದಿನದ ಮಧ್ಯಾಹ್ನದಲ್ಲಿ ಕೂಡ ಸೂರ್ಯನು ೬೨ ಅಂಶಕ್ಕಿಂತ ಮೇಲೇರುವುದಿಲ್ಲ; ತಲೆಯ ನೇರಕ್ಕೆ ಬರಬೇಕಾದರೆ ೯೦ ಅಂಶ ಏರಬೇಕು. ಕರ್ಕಾಟಕ ವೃತ್ತದಿಂದ ಉತ್ತರಕ್ಕಿರುವ ಯಾವ ಊರಿನಲ್ಲಿಯೂ ಸೂರ್ಯನು ನೆತ್ತಿಯ ಮೇಲೆ ಬರುವುದೇ ಇಲ್ಲ. ಆಂಗ್ಲರು ತಮ್ಮ ಕೀರ್ತಿವಂತರೆಲ್ಲರನ್ನೂ ‘ಜೆನಿತ್’ಗೆ ಏರಿಸಿದರು, ಅವರ ಸೂರ್ಯನು ಮಾತ್ರ ಅಲ್ಲಿಗೆ ಎಂದೂ ಏರಿದವನಲ್ಲ.

ನಮ್ಮ ಕನ್ನಡನಾಡಿನಲ್ಲಾದರೋ ಪ್ರತಿಯೊಂದು ಊರಿಗೂ ಸೂರ್ಯನು ವರ್ಷಕ್ಕೆ ಎರಡು ಸಾರಿ ನೆತ್ತಿಯ ನೇರಕ್ಕೆ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಸುಮಾರು ಏಪ್ರಿಲ್ ೨೪ ಮತ್ತು ಆಗಸ್ಟ್ ೧೮. ಮೈಸೂರಿಗೆ ಮೊದಲ ಸಾರಿ ಎರಡು ದಿನ ಮುಂಚೆ, ಎರಡನೆಯ ಸಾರಿ ಎರಡು ದಿನ ತಡವಾಗಿ. ಉತ್ತರಕ್ಕೆ ಹೋದ ಹಾಗೆಲ್ಲ ಈ ಎರಡು ದಿನಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ಕಲಬುರಗಿಯಲ್ಲಿ ಮೇ ೧೦ ಹಾಗೂ ಆಗಸ್ಟ್ ೩ರ ಆಸುಪಾಸು, ಬೀದರಿನಲ್ಲಿ ಇನ್ನೂ ಸಮೀಪ. ಈಗೀಗ ಇದನ್ನು ‘ನೆರಳಿಲ್ಲದ ದಿನ’ವೆಂದು ಕರೆದು ಶಾಲೆಯ ಮಕ್ಕಳಿಗೆ ತೋರಿಸುವ ಒಳ್ಳೆಯ ಪದ್ಧತಿಯು ಬೆಳೆದಿದೆ. ಇದಕ್ಕೆ ಯಂತ್ರವೇನೂ ಬೇಡ. ಗ್ರಹಣಕಾಲದಲ್ಲಿ ನೀರಿನ ತಟ್ಟೆಯಲ್ಲಿ ಒನಕೆಯನ್ನು ನಿಲ್ಲಿಸಿ ನೋಡುವುದು ನಮ್ಮ ಹಳ್ಳಿಗಳ ಹಳೆಯ ವಾಡಿಕೆಯಷ್ಟೆ. ಅದೇ ಒನಕೆಯನ್ನು ಈ ದಿನ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಾಕು. ಬೆಂಗಳೂರಿನಲ್ಲಿ ಏಪ್ರಿಲಿನ ಆ ದಿನ ಗಡಿಯಾರವು ೧೨ ಗಂಟೆ ೧೭ ನಿಮಿಷದ ಸುಮಾರಿಗೆ ಬಂದಾಗ ಒನಕೆಯ ನೆರಳು ಅದರ ಬುಡದೊಳಕ್ಕೆ ಸೇರಿ ಮಾಯವಾಗುವುದು. ಸೂರ್ಯಬಿಂಬವು ತನ್ನ ಅಗಲದಷ್ಟು ದೂರವನ್ನು ಸರಿಯಲು ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ. ನೆತ್ತಿಯ ಮೇಲಿನ ವಾಸವೆಂದರೆ ಅಷ್ಟೇ. ಆಮೇಲೆ ನೆರಳು ಮೂಡಣಕ್ಕೆ ಮೊಳೆಯುತ್ತದೆ. ನೋಡಬೇಕಾದುದು ನೆರಳನ್ನೇ ಹೊರತು ಸೂರ್ಯನನ್ನಲ್ಲವೆಂದು ಮಕ್ಕಳಿಗೆ ಎಚ್ಚರಿಕೆ ಹೇಳುವುದನ್ನು ಮರೆಯಬಾರದು.

ನಮ್ಮ ಸಿದ್ಧಾಂತಗ್ರಂಥಗಳವರು ಈ ನೆರಳಿನ ವಿದ್ಯೆಯಲ್ಲಿ ಬಹಳ ಪಳಗಿದವರು. ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಿ, ಹಗಲಿರುಳು ಸಮವಾಗಿರುವ ದಿನದ ಮಧ್ಯಾಹ್ನದಲ್ಲಿ ಅದರ ನೆರಳನ್ನು ಅಳೆದು, ಅದನ್ನು ‘ಪಲಭಾ’ ಎಂದು ಕರೆದು, ಅದರಿಂದ ಊರಿನ ಅಕ್ಷಾಂಶವನ್ನು ತಿಳಿಯುತ್ತಿದ್ದರು. ಬೆಂಗಳೂರಿನ ಪಲಭೆಯು ಲೆಕ್ಕದಂತೆ ಸುಮಾರು ಎರಡು ಮುಕ್ಕಾಲು ಅಂಗುಲ. ಆಕ್ಸ್‌ಫರ್ಡಿನಲ್ಲಿ ಹದಿನೈದು ಅಂಗುಲಕ್ಕೂ ಮೀರುತ್ತದೆ. ಶಂಕುವಿಗಿಂತ ನೆರಳೇ ಉದ್ದ! ತಲೆಯ ಮೇಲಿನ ಬಿಂದುವಿಗೆ ಅವರು ‘ಖಮಧ್ಯ’, ‘ಖಸ್ವಸ್ತಿಕ’ ಎಂಬ ಹೆಸರುಗಳನ್ನು ಕೊಟ್ಟಿದ್ದಾರೆ. ‘ಖ’ ಎಂದರೆ ಆಕಾಶ.

ಇಲ್ಲಿ ಗಮನಿಸಬೇಕಾದ ಮುಖ್ಯ ವಿಷಯವೆಂದರೆ, ಈ ಬಿಂದುವು ಸೂರ್ಯನದೂ ಅಲ್ಲ, ಆಕಾಶದ್ದೂ ಅಲ್ಲ, ನಿಂತು ನೋಡುವವನದು. ಗಾರೆಯ ಕೆಲಸದವನು ಗೋಡೆಯ ನೇರವನ್ನು ಪರೀಕ್ಷಿಸಲು ಗುಂಡು ಕಟ್ಟಿದ ದಾರವನ್ನು ಇಳಿಬಿಡುತ್ತಾನಲ್ಲವೆ? ಆ ದಾರವನ್ನು ಮೇಲಕ್ಕೆ ಬೆಳೆಸಿದರೆ ಆಕಾಶದಲ್ಲಿ ಎಲ್ಲಿ ತಗಲುವುದೋ ಅದೇ ಜೆನಿತ್. ನಾವು ನಡೆದರೆ ಅದೂ ನಡೆಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಸುಮಾರು ೬೯ ಮೈಲಿ ಸಾಗಿದರೆ ಅದು ನಕ್ಷತ್ರಗಳ ನಡುವೆ ಒಂದು ಅಂಶದಷ್ಟು ಸರಿದಿರುತ್ತದೆ. ಪಕ್ಕದ ಮನೆಯವರ ಜೆನಿತ್ ಕೂಡ, ಸೂಕ್ಷ್ಮವಾಗಿ ನೋಡಿದರೆ, ನಮ್ಮದಲ್ಲ.

ಈ ಗುಣದಿಂದಲೇ ಅದು ಶಾಸ್ತ್ರಜ್ಞರಿಗೆ ಬಹಳ ಉಪಯೋಗಕ್ಕೆ ಬಂದಿತು. ದಿಗಂತದ ಹತ್ತಿರವಿರುವ ನಕ್ಷತ್ರದ ಕಿರಣವು ವಾಯುಮಂಡಲದಲ್ಲಿ ಬಾಗಿ ಬರುವುದರಿಂದ ಅಳತೆಯು ತಪ್ಪುತ್ತದೆ. ನೆತ್ತಿಯ ಮೇಲಿರುವ ನಕ್ಷತ್ರಕ್ಕೆ ಈ ದೋಷವಿಲ್ಲ. ಆದುದರಿಂದ ನೆತ್ತಿಯ ಕಡೆಗೇ ಮುಖಮಾಡಿದ ದೂರದರ್ಶಕವನ್ನು ರಚಿಸಿ ಅದಕ್ಕೆ ‘ಜೆನಿತ್ ಸೆಕ್ಟರ್’ ಎಂದು ಹೆಸರಿಟ್ಟರು. ಜೇಮ್ಸ್ ಬ್ರಾಡ್ಲಿ ಎಂಬ ಆಂಗ್ಲ ವಿದ್ವಾಂಸನು ಲಂಡನ್ನಿನ ನೆತ್ತಿಯ ಸಮೀಪದಲ್ಲಿ ಹಾಯುವ ಒಂದು ನಕ್ಷತ್ರವನ್ನು ೧೭೨೫ರಿಂದ ಹೀಗೆ ನೋಡುತ್ತ, ಅದು ವರ್ಷವಿಡೀ ಅತ್ಯಲ್ಪವಾಗಿ ಅತ್ತಿತ್ತ ತೂಗುವುದನ್ನು ಕಂಡನು. ಮಳೆಯು ನೆಟ್ಟಗೆ ಬೀಳುತ್ತಿದ್ದರೂ ಓಡುವವನು ಕೊಡೆಯನ್ನು ಮುಂದಕ್ಕೆ ಬಾಗಿಸಬೇಕಾಗುವ ಹಾಗೆ, ಭೂಮಿಯು ಓಡುತ್ತಿರುವುದರಿಂದ ಬೆಳಕು ಓರೆಯಾಗಿ ಬಂದಂತೆ ತೋರುತ್ತದೆಂದು ಅವನು ೧೭೨೯ರಲ್ಲಿ ಪ್ರಕಟಪಡಿಸಿದನು. ಭೂಮಿಯು ಚಲಿಸುತ್ತಿರುವುದಕ್ಕೆ ದೊರೆತ ಮೊದಲ ಪ್ರತ್ಯಕ್ಷಪ್ರಮಾಣವಿದು.

ಇಂಥದೇ ಒಂದು ಯಂತ್ರವು ಕನ್ನಡನಾಡಿಗೂ ಬಂದಿತ್ತು. ಟಿಪ್ಪುವಿನೊಡನೆ ನಡೆದ ಕೊನೆಯ ಯುದ್ಧವು ಮುಗಿದ ಮರುವರ್ಷ, ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಸರಪಣಿಯಿಂದ ನೆಲವನ್ನಳೆದು ತನ್ನ ಮೋಜಣಿಯ ಮೊದಲ ಆಧಾರರೇಖೆಯನ್ನು ಹಾಕಿದನು. ಆಮೇಲೆ ಬೆಂಗಳೂರಿನ ದೊಡ್ಡಗುಂಟದಲ್ಲಿ ಜೆನಿತ್ ಸೆಕ್ಟರನ್ನು ನಿಲ್ಲಿಸಿ, ನಕ್ಷತ್ರಗಳು ನೆತ್ತಿಯಿಂದ ಎಷ್ಟು ಓಸರಿಸಿ ಹಾಯುತ್ತವೆಂಬುದನ್ನು ಅಳೆದನು. ಅವೇ ನಕ್ಷತ್ರಗಳನ್ನು ದಕ್ಷಿಣದ ಇನ್ನೊಂದು ನೆಲೆಯಿಂದಲೂ ಅಳೆದು, ಎರಡು ನೆತ್ತಿಗಳ ನಡುವಣ ಅಂತರವನ್ನು ನೆಲದ ಮೇಲಿನ ಮೈಲಿಗಳೊಡನೆ ಹೋಲಿಸಿದರೆ ಭೂಮಿಯ ಆಕಾರವು ತಿಳಿಯುತ್ತದೆ. ೧೮೧೮ರಲ್ಲಿ ‘ಮಹಾ ತ್ರಿಕೋಣಮಿತೀಯ ಮೋಜಣಿ’ ಎಂಬ ಹೆಸರನ್ನು ಪಡೆದ ಆ ದೊಡ್ಡ ಕಾರ್ಯಕ್ಕೆ ದೊಡ್ಡಗುಂಟದ ನೆತ್ತಿಯೂ ಒಂದು ಕಂಬವಾಯಿತು.

ಖಗೋಳದ ಈ ಮಾತು ಮನುಷ್ಯನ ಭಾಗ್ಯಕ್ಕೆ ಹೇಗೆ ಬಂದಿತು? ೧೬೧೧ರ ಸುಮಾರಿಗೆ ಷೇಕ್ಸ್‌ಪಿಯರನು ಬರೆದ ‘ಟೆಂಪೆಸ್ಟ್’ ನಾಟಕದಲ್ಲಿ, ರಾಜ್ಯವನ್ನು ಕಳೆದುಕೊಂಡು ದ್ವೀಪದಲ್ಲಿ ವಾಸಿಸುವ ಪ್ರಾಸ್ಪೆರೋ ತನ್ನ ಮಗಳೊಡನೆ ಮಾತನಾಡುತ್ತ, ತನ್ನ ಜೆನಿತ್ ಒಂದು ಶುಭನಕ್ಷತ್ರವನ್ನು ಆಶ್ರಯಿಸಿದೆಯೆಂದೂ ಈಗ ಅದನ್ನು ಕೈಬಿಟ್ಟರೆ ಮುಂದೆ ತನಗೆ ಏಳಿಗೆಯಿಲ್ಲವೆಂದೂ ಹೇಳುತ್ತಾನೆ. ಇಲ್ಲಿ ಮೂಲಾರ್ಥವು ಇನ್ನೂ ಜೀವಂತವಾಗಿದೆಯೆಂದು ನನಗೆ ತೋರುತ್ತದೆ. ಜೆನಿತ್ ತನ್ನದು, ಅಲ್ಲಿಗೆ ಬರಬೇಕಾದ ನಕ್ಷತ್ರವು ಬೇರೆ. ಬಂದ ಕ್ಷಣವನ್ನು ಹಿಡಿಯುವುದು ಮನುಷ್ಯನ ಕೆಲಸ. ಕ್ರಮೇಣ ನಕ್ಷತ್ರವು ಮರೆಯಾಗಿ, ಎತ್ತರವೊಂದೇ ಉಳಿಯಿತು. ಕಡೆಕಡೆಗೆ ಅಂಗಡಿಯ ಸರಕಿಗೂ ಆ ಹೆಸರು ಬಂದಿತು. ಅಮೇರಿಕದ ಹೆಸರಾಂತ ‘ಜೆನಿತ್’ ರೇಡಿಯೋದ ಕಥೆಯಂತೂ ಮೋಜಿನದು: ಶಿಕಾಗೋದಲ್ಲಿ ಅದನ್ನು ಆರಂಭಿಸಿದ ತರುಣರ ಪ್ರಸಾರಕೇಂದ್ರಕ್ಕೆ ‘೯ ಜಡ್ ಎನ್’ ಎಂಬ ಸಂಕೇತವಿತ್ತು, ಆ ಅಕ್ಷರಗಳನ್ನೇ ಎಳೆದು ‘ಜೆನಿತ್’ ಮಾಡಿದರು.

ಅರಬ್ಬಿಯ ನೆತ್ತಿಯು ಇಂಗ್ಲಿಷಿನಲ್ಲಿ ಯಶಸ್ಸಾದಂತೆ, ನಮ್ಮದೊಂದು ಪದವು ಅರಬ್ಬಿಗೆ ಹೋಗಿ ಅದೇ ಅರ್ಥವನ್ನು ಪಡೆದಿದೆ. ಗ್ರಹವು ತನ್ನ ಕಕ್ಷೆಯಲ್ಲಿ ನಮ್ಮಿಂದ ಅತಿ ದೂರವಾಗಿರುವ ಸ್ಥಾನಕ್ಕೆ ಸಿದ್ಧಾಂತಿಗಳು ‘ಉಚ್ಚ’ ಎನ್ನುತ್ತಾರೆ. ಈ ಪದವು ಪಾರಸಿಯ ಮೂಲಕ ಅರಬ್ಬಿಯಲ್ಲಿ ‘ಔಜ್’ ಆಗಿ, ಲ್ಯಾಟಿನಿನಲ್ಲಿ ‘ಔಕ್ಸ್’ ಆಯಿತೆಂದು ಶಾಸ್ತ್ರದ ಇತಿಹಾಸಕಾರರು ತೋರಿಸಿದ್ದಾರೆ. ಉರ್ದು ಭಾಷೆಯವರು ಇಂದಿಗೂ ಕೀರ್ತಿಯ ಮೇಲ್ಮಟ್ಟವನ್ನು ‘ಔಜ್’ ಎಂದೇ ಹೇಳುತ್ತಾರೆ. ಜಾತಕದ ಉಚ್ಚವು ಬೇರೆ. ಅದರಂತೆ ರವಿಗೆ ಮೇಷದ ಹತ್ತನೆಯ ಅಂಶದಲ್ಲಿ ಪರಮೋಚ್ಚ. ಈಗಿನ ಪಂಚಾಂಗದಲ್ಲಿ ರವಿಯು ಆ ಅಂಶಕ್ಕೆ ಬರುವುದು ಏಪ್ರಿಲ್ ೨೪ರ ಸುಮಾರಿಗೆ. ಬೆಂಗಳೂರಿನಲ್ಲಿ ಒನಕೆಯ ನೆರಳು ಮಾಯವಾಗುವುದೂ ಆಗಲೇ! ಇದು ಕಾಕತಾಳೀಯ, ನೂರಾರು ವರ್ಷ ಕಳೆದರೆ ಈ ಹೊಂದಿಕೆಯು ತಪ್ಪಿಹೋಗುತ್ತದೆ.

ಕನ್ನಡದ ನೆತ್ತಿಯ ಗತಿಯನ್ನೂ ನೋಡಿರಿ. ‘ಸೂರ್ಯ ನೆತ್ತಿಗೆ ಬಂದ’ ಎಂದು ಹೊಲದಲ್ಲಿರುವವನು ಹೇಳಿದರೆ ಅದು ಅರಬ್ಬೀ ಶಾಸ್ತ್ರಜ್ಞರು ಹೇಳಿದುದರ ಅಚ್ಚಕನ್ನಡ. ಆದರೆ ಅದು ನಮ್ಮಲ್ಲಿ ಯಶಸ್ಸಿನ ಮಾತಾಗಲಿಲ್ಲ, ಬುತ್ತಿ ಬಿಚ್ಚುವ ಹೊತ್ತಿನ ಮಾತಾಯಿತು. ಮನುಷ್ಯನ ವಿಷಯದಲ್ಲಿ ‘ನೆತ್ತಿಗೇರಿತು’ ಎಂದರೆ ಏರಿದ್ದು ಪಿತ್ತವೇ! ಬಿಸಿಲನ್ನು ತಲೆಯ ಮೇಲೆ ಹೊತ್ತು ಬಲ್ಲ ಜನರು ಸೂರ್ಯನು ಅಲ್ಲಿಗೆ ಬರುವುದನ್ನು ಭಾಗ್ಯವೆಂದು ಹಾಡದಿದ್ದುದು ಸಹಜವೇ ಸರಿ.

ಈಗ ವಿಜಯನಗರದ ವಾಕ್ಯಕ್ಕೆ ಬರೋಣ. ೧೫೨೦ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು ಈ ಪಟ್ಟಣವನ್ನು ರೋಮಿಗೆ ಹೋಲಿಸಿ ಬೆರಗಾದನು. ಅವನ ಕಣ್ಣಿಗೆ ಅದು ನೆತ್ತಿಯ ಹೊತ್ತು. ೧೫೬೫ರ ರಕ್ಕಸತಂಗಡಿಯ ಯುದ್ಧದ ಮುಂಚೆ, ಅಳಿಯ ರಾಮರಾಯನ ಕಾಲದಲ್ಲಿ, ಸುಲ್ತಾನರ ಜಗಳಗಳಲ್ಲೆಲ್ಲ ಕೈಹಾಕಿ ಗೆಲ್ಲುತ್ತಿದ್ದ ರಾಜ್ಯವನ್ನು ಕಂಡವನು ಇದೇ ಮಧ್ಯಾಹ್ನವೆಂದು ಹೇಳಿದ್ದರೂ ತಪ್ಪೆನ್ನುವಂತಿರಲಿಲ್ಲ. ವಿಜಾಪುರದವನಿಗೆ ಆ ಹೊತ್ತು ಬಂದದ್ದು ಇನ್ನೂ ತಡವಾಗಿ, ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ್ ಆದಿಲ್ ಶಹನ ಆಳಿಕೆಯಲ್ಲಿ, ೧೬೨೭ರಿಂದ ೧೬೫೬ರ ವರೆಗೆ. ಸೂರ್ಯನ ಲೆಕ್ಕದಲ್ಲಿಯೂ ಹಾಗೆಯೇ: ಹಂಪೆಯ ನೆತ್ತಿಗೆ ಅವನು ಮೇ ೨ರ ಸುಮಾರಿಗೆ ಬಂದರೆ ವಿಜಾಪುರದ ನೆತ್ತಿಗೆ ಮೇ ೭ರ ಸುಮಾರಿಗೆ. ಆದುದರಿಂದ ಒಂದು ರಾಜ್ಯವು ಜೆನಿತ್‌ನಲ್ಲಿತ್ತೆಂದು ಬರೆಯುವ ಚರಿತ್ರಕಾರನು, ಯಾರ ಅಂಗಳದಲ್ಲಿ ನಿಂತು ನೋಡಿದಾಗ ಎಂಬುದನ್ನೂ ಹೇಳಿದರೆ ಓದುವವರಿಗೆ ಉಪಕಾರವಾಗುತ್ತದೆ.

ಭಾಷಾಂತರಕಾರರಿಗೆ ಒಂದು ಮಾತು. ‘ಪರಾಕಾಷ್ಠೆ’ ಎಂಬುದು ಇದಕ್ಕೆ ಸರಿಹೊಂದುವ ಪದವಲ್ಲ. ‘ಕಾಷ್ಠಾ’ ಎಂದರೆ ಎಲ್ಲೆ. ಆಚೆಗೆ ದಾರಿಯಿಲ್ಲದ ಕೊನೆಯ ಗಡಿಯೆಂಬ ಅರ್ಥದಲ್ಲಿ ಅದು ಕಠೋಪನಿಷತ್ತಿನಲ್ಲಿ ಬಂದಿದೆ. ದುಃಖದ ಪರಾಕಾಷ್ಠೆ, ಕ್ರೌರ್ಯದ ಪರಾಕಾಷ್ಠೆ ಎಂದು ನಾವು ಕೆಟ್ಟದ್ದಕ್ಕೂ ಅದನ್ನು ಧಾರಾಳವಾಗಿ ಹೇಳುತ್ತೇವೆ. ‘ಶಿಖರ’ವೆಂದರೆ ಹತ್ತಿದವನು ಅಲ್ಲಿ ಮನೆಮಾಡಿಕೊಂಡು ಕೂರಬಹುದೆಂಬ ಭ್ರಾಂತಿ ಹುಟ್ಟುತ್ತದೆ. ರಾಜ್ಯದ ಅಥವಾ ಮನೆತನದ ಏಳಿಗೆಗೆ ‘ಉಚ್ಛ್ರಾಯಕಾಲ’ವೆಂಬುದು ಗಂಭೀರವಾಗಿಯೂ ರೂಢಿಯಲ್ಲಿಯೂ ಇದೆ, ಅದರಲ್ಲಿರುವ ‘ಕಾಲ’ ಎಂಬ ಅಂಶವೇ ಜೆನಿತ್‌ಗೆ ಹತ್ತಿರವಾದುದು. ಒಬ್ಬ ಮನುಷ್ಯನ ಕೀರ್ತಿಗಾದರೆ ‘ಮಧ್ಯಾಹ್ನ’ವೆಂದರೂ ಸೊಗಸಾಗಿರುತ್ತದೆ. ‘ಖಮಧ್ಯ’ವನ್ನು ಖಗೋಳದ ಪುಸ್ತಕಗಳಿಗೇ ಬಿಡುವುದು ಲೇಸು, ಅಲ್ಲಿ ಅದಕ್ಕೆ ಬೇಕಾದಷ್ಟು ಕೆಲಸವಿದೆ.